ಸೀಳುಬಂಡೆಯ ನೇರಕ್ಕೆ

"ಇನ್ನೂ ಸ್ವಲ್ಪ ಕೆಳಗೆ ಹಿಡೀರಿ ಅಮ್ಮಾ. ಗೋಡೆಗೆ ಒತ್ತಿ ಹಿಡ್ಕೊಳ್ಳಿ" ಎಂದು ದಾಖಲೆಯವರು ಹೇಳಿದರು. ದೀಪದಕ್ಕ ಅಳತೆಪಟ್ಟಿಯ ತುದಿಯನ್ನು ಚಿಮಣಿಯ ಬುಡದ ಇಟ್ಟಿಗೆಗೆ ಒತ್ತಿ ಹಿಡಿದಳು. ಇಟ್ಟಿಗೆ ಬೆಚ್ಚಗಿತ್ತು. ಗಣಿ ಮುಚ್ಚಿ, ಒಲೆ ಆರಿ ಎಷ್ಟೋ ಕಾಲವಾಗಿತ್ತು. ಆದರೂ ಬೆಳಗಿನ ಬಿಸಿಲು ಬಿದ್ದರೆ ಸಾಕು, ಒಳಗೆ ಬೆಂಕಿ ಇನ್ನೂ ಇದೆಯೇನೋ ಎನ್ನುವ ಹಾಗೆ ಅದು ಬೆಚ್ಚಗಾಗುತ್ತಿತ್ತು. ಅವರು ಪಟ್ಟಿಯನ್ನು ಬಿಚ್ಚುತ್ತಾ ಚಿಮಣಿಯನ್ನು ಒಂದು ಸುತ್ತು ಬಂದು, ಅವಳ ಕೈಯ ಪಕ್ಕಕ್ಕೇ ಬಂದು ನಿಂತು, ಸುತ್ತಳತೆಯನ್ನು ಬರೆದುಕೊಂಡರು. ಆಮೇಲೂ ಅವಳು ಅಂಗೈಯನ್ನು ಗೋಡೆಯಿಂದ ತೆಗೆಯಲಿಲ್ಲ.

ಗಣಿಯೊಳಗಿನ ನೀರನ್ನು ಮೇಲಕ್ಕೆ ಎತ್ತುವ ಯಂತ್ರಕ್ಕೆಂದು ಕಟ್ಟಿದ ಚಿಮಣಿ ಅದು. ಗಣಿ ನಿಂತ ಮೇಲೆ ಯಂತ್ರ ಗುಜರಿಗೆ ಹೋಯಿತು. ಚಿಮಣಿ ಮಾತ್ರ ಕಡಲಿಗೆ ಮುಖ ಮಾಡಿಕೊಂಡು ಉಳಿಯಿತು. ಈಗ ಅದರ ನೆತ್ತಿ ಬಿರುಕು ಬಿಟ್ಟಿತ್ತು. ಗಾಳಿ ಬಲವಾಗಿ ಬೀಸಿದ ದಿನ ಒಂದೆರಡು ಇಟ್ಟಿಗೆಗಳು ಕೆಳಗಿನ ದಾರಿಗೆ ಬೀಳುತ್ತಿದ್ದವು. ಅದು ಶಾಲೆಗೆ ಹೋಗುವ ಮಕ್ಕಳ ದಾರಿ. ಬುಡಕ್ಕೆ ಮದ್ದಿಟ್ಟು ಉರುಳಿಸಿಬಿಡುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಊರಿನ ಹಳೆಯ ಗುರುತುಗಳನ್ನೆಲ್ಲ ಬರೆದಿಡಲು ಪೇಟೆಯ ದಾಖಲೆಗಳ ಕಚೇರಿಯಿಂದ ಇವರನ್ನು ಕಳುಹಿಸಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಯಾವುದನ್ನೂ ಕೇಳದೆ ಮುಟ್ಟುವವರಲ್ಲ. ಅದಿರು ತುಂಬುತ್ತಿದ್ದ ಕಟ್ಟೆ, ಮದ್ದಿನ ಮನೆ, ಕೆಲಸಕ್ಕೆ ಕರೆಯುವ ಸೈರನ್ ಕೂಗುತ್ತಿದ್ದ ಕಂಬ, ದೀಪದ ಕೋಣೆ, ಒಂದೊಂದಾಗಿ ಎಲ್ಲವನ್ನೂ ಅಳೆದು, ಚಿತ್ರ ತೆಗೆದು, ಕೊನೆಗೆ ಚಿಮಣಿಗೆ ಬಂದಿದ್ದರು. ಜೊತೆಯಲ್ಲಿ ತಿರುಗಿ ತೋರಿಸಲು ಯಾರಾದರೂ ಬೇಕು ಎಂದಾಗ ಊರಿನವರು ದೀಪದಕ್ಕನ ಮನೆಯನ್ನು ತೋರಿಸಿದ್ದರು.

ಅವಳು ಗಣಿಯ ದೀಪದ ಕೋಣೆಗೆ ಸೇರಿದಾಗ ಇನ್ನೂ ಹುಡುಗಿ. ಹೊರಗೆ ಬಂದದ್ದು ಗಣಿ ಮುಚ್ಚಿದ ದಿನ. ಕೆಳಗಿಳಿಯುವ ಪ್ರತಿಯೊಬ್ಬನೂ ಅವಳ ಕಿಟಕಿಯ ಮುಂದೆ ನಿಂತು ತನ್ನ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು ದೀಪವನ್ನು ತೆಗೆದುಕೊಳ್ಳಬೇಕಿತ್ತು. ಬಿಲ್ಲೆಯನ್ನು ಅವಳು ಗೋಡೆಯ ಮೊಳೆಗೆ ತೂಗುಹಾಕುವಳು. ಮೇಲೆ ಬಂದವನು ದೀಪವನ್ನು ಒಪ್ಪಿಸಿ ಬಿಲ್ಲೆಯನ್ನು ಮರಳಿ ಪಡೆಯುವನು. ಸಂಜೆ ಗೋಡೆ ಬರಿದಾಯಿತೆಂದರೆ ಎಲ್ಲರೂ ಮೇಲೆ ಬಂದರೆಂದು ಅರ್ಥ. ಆಗ ಅವಳು ದೇವರಿಗೆ ಕೈಮುಗಿದು ಕಿಟಕಿ ಮುಚ್ಚುವಳು.

ಒಂದು ಸಂಜೆ ಗೋಡೆ ಬರಿದಾಗಲಿಲ್ಲ. ಕಡಲಡಿಯ ಸುರಂಗದೊಳಕ್ಕೆ ಕಡಲೇ ಇಳಿದು ಬಂದಿತ್ತು. ಅವಳ ಗಂಡನ ತಂಡ ಅದರ ತುದಿಯಲ್ಲಿ ಕೆಲಸ ಮಾಡುತ್ತಿತ್ತು. ಉಳಿದ ಗಣಿಗೆ ನೀರು ನುಗ್ಗದಿರಲೆಂದು ಸುರಂಗದ ಬಾಯಿಗೆ ಗೋಡೆ ಕಟ್ಟಿದರು. ಯಾರ ದೇಹವೂ ಸಿಗಲಿಲ್ಲ. ಮಣ್ಣು ಮಾಡಲು ಇಲ್ಲ, ಸುಡಲು ಇಲ್ಲ. ಹೋಗಿ ಕೂತು ಅಳುವುದಕ್ಕೆ ಒಂದು ಜಾಗವೂ ಇಲ್ಲ.

ಗಣಿ ಮುಚ್ಚಿದಾಗ ಉಳಿದ ಬಿಲ್ಲೆಗಳನ್ನು ಆಯಾ ಮನೆಯವರಿಗೆ ಕೊಟ್ಟರು. ಕೆಲವರು ಪೆಟ್ಟಿಗೆಯೊಳಗಿಟ್ಟರು, ಕೆಲವರು ಕಡಲಿಗೆ ಹಾಕಿದರು. ದೀಪದಕ್ಕ ತನ್ನ ಗಂಡನದನ್ನು ಮನೆಗೆ ತಂದು, ಮುಂಬಾಗಿಲ ಚೌಕಟ್ಟಿನ ಬಲಗಡೆ ಒಂದು ಮೊಳೆ ಹೊಡೆದು ತೂಗುಹಾಕಿದಳು. ಹಿಂದಿನ ದಿನ ದಾಖಲೆಯವರು ಚಹಾ ಕುಡಿಯಲು ಬಂದಾಗ ಅದನ್ನು ನೋಡಿ, ಕಚೇರಿಯ ಪ್ರದರ್ಶನಕ್ಕೆ ಕೊಡಬಹುದೇ, ಗಾಜಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇವೆ ಎಂದು ಕೇಳಿದ್ದರು.

"ಮನುಷ್ಯ ಕೆಳಗಿರೋವಾಗ ಬಿಲ್ಲೆ ತೆಗೆಯೋ ಹಾಗಿಲ್ಲ ಸಾರ್" ಎಂದಿದ್ದಳು ಅವಳು.

ಅವರು ಎರಡನೆಯ ಸಲ ಕೇಳಲಿಲ್ಲ. ಅದಕ್ಕೇ ಅವಳಿಗೆ ಅವರ ಮೇಲೆ ವಿಶ್ವಾಸ ಹುಟ್ಟಿತ್ತು.

ಚಿಮಣಿಯ ಬುಡದಲ್ಲಿ ಕುಳಿತು ಅವರು ತಮ್ಮ ಹಾಳೆಯನ್ನು ತುಂಬಿಸಿದರು. ಕಟ್ಟಿದ ಕಾಲ, ಕಟ್ಟಿದ ಸಾಮಗ್ರಿ, ಈಗಿನ ಸ್ಥಿತಿ. ಉಪಯೋಗ ಎಂದಿದ್ದ ಕಡೆ, 'ಹೊಗೆ ಹೊರಗೆ ಹೋಗಲು' ಎಂದು ಬರೆದು ಓದಿ ಹೇಳಿದರು.

"ಅಷ್ಟೇ ಅಲ್ಲ" ಎಂದಳು ದೀಪದಕ್ಕ. ಹೇಳಬೇಕೆಂದು ಮೂರು ದಿನದಿಂದ ಕಾದಿದ್ದ ಮಾತು, ಆದರೆ ಹೇಳಲು ಹೊರಟಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಕಡಲಿನ ಕಡೆ ಕೈ ತೋರಿಸಿದಳು.

ದಡದಿಂದ ತುಸು ದೂರದಲ್ಲಿ, ನೀರಿನೊಳಗೆ, ಒಂದು ದೊಡ್ಡ ಬಂಡೆಯಿತ್ತು. ನೆತ್ತಿಯಿಂದ ಮುಕ್ಕಾಲು ಭಾಗ ಸೀಳಿಕೊಂಡು, ಬುಡದಲ್ಲಿ ಮಾತ್ರ ಒಂದಾಗಿ, ಅರ್ಧ ತೆರೆದ ಬಾಗಿಲಿನಂತೆ ನಿಂತಿತ್ತು. ಊರಿನವರಿಗೆ ಅದು ಸೀಳುಬಂಡೆ. ಗಣಿಯವರು ಕಡಲಡಿಯ ಸುರಂಗವನ್ನು ಇದೇ ಚಿಮಣಿಯ ಬುಡದಿಂದ ಹೊರಡಿಸಿ, ಆ ಬಂಡೆಯ ಅಡಿಯಲ್ಲಿ ಹಾಯಿಸಿ, ಗೆರೆ ಎಳೆದ ಹಾಗೆ ನೇರಕ್ಕೆ ಕೊರೆದುಕೊಂಡು ಹೋಗಿದ್ದರು. ಮದುವೆಯಾದ ಹೊಸದರಲ್ಲಿ, ರಜೆಯ ದಿನ, ಅವಳ ಗಂಡ ತಮ್ಮನ ದೋಣಿಯಲ್ಲಿ ಅವಳನ್ನು ಕೂರಿಸಿಕೊಂಡು ಬಂಡೆಯಾಚೆಗೆ ಹೋಗಿ, ತಿರುಗಿ ದಡದ ಕಡೆ ನೋಡು ಎನ್ನುತ್ತಿದ್ದ. ದೋಣಿ ಅತ್ತಿತ್ತ ಸರಿದಾಡಿ ಒಂದು ಜಾಗಕ್ಕೆ ಬಂದಾಗ ಬಂಡೆಯ ಸೀಳಿನೊಳಗೆ ಚಿಮಣಿ ಕರಾರುವಾಕ್ಕಾಗಿ ಬಂದು ನಿಲ್ಲುತ್ತಿತ್ತು. ಸೀಳಿನಲ್ಲಿ ಬೇರೇನೂ ಕಾಣುತ್ತಿರಲಿಲ್ಲ, ಚಿಮಣಿಯೊಂದೇ. ಆಗ ಅವನು ದೋಣಿಯ ತಳವನ್ನು ಬೆರಳಿನಿಂದ ಕುಟ್ಟಿ, ನಾಳೆ ಬೆಳಿಗ್ಗೆ ನಾನು ಇಲ್ಲಿರ್ತೀನಿ, ನಮ್ಮ ತಲೆ ಮೇಲೆ ಮೀನುಗಳು ಕೆಲಸಕ್ಕೆ ಹೋಗ್ತಿರ್ತವೆ ಎನ್ನುತ್ತಿದ್ದ.

ಎಷ್ಟು ದೂರ ಎನ್ನುವುದಕ್ಕೂ ಅವನದೊಂದು ಲೆಕ್ಕವಿತ್ತು. ಚಿಮಣಿಯ ಮೈಗೆ ಮೂರು ಕಬ್ಬಿಣದ ಪಟ್ಟಿಗಳನ್ನು ಬಿಗಿದಿದ್ದರು. ದೋಣಿ ದೂರ ಹೋದಷ್ಟೂ ಮುಂದಿನ ಬಂಡೆ ಕುಗ್ಗಿದಂತಾಗಿ, ಹಿಂದಿನ ಚಿಮಣಿ ಸೀಳಿನಲ್ಲಿ ಹೆಚ್ಚು ಹೆಚ್ಚು ಕಾಣುತ್ತಿತ್ತು. ಮೊದಲ ವರ್ಷ ಮೇಲಿನ ಪಟ್ಟಿ ಕಂಡ ಜಾಗದಲ್ಲಿ ಅವನ ಕೆಲಸ. ಆಮೇಲೆ ನಡುವಿನದು. ಕೊನೆಯ ಸಲ ಕರೆದುಕೊಂಡು ಹೋದಾಗ ಕೆಳಗಿನ ಪಟ್ಟಿಯೂ ಕಂಡಿತ್ತು. ಪಟ್ಟಿ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಅವಳು ಕೇಳಿದ್ದಕ್ಕೆ, ಆಮೇಲೆ ಮನೆಗೆ ಬಂದುಬಿಡ್ತೀನಿ ಎಂದು ನಕ್ಕಿದ್ದ. ಅದಾದ ಮೇಲೂ ಸುರಂಗ ಕೆಲವು ತಿಂಗಳು ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಎಂದು ಹೇಳಬಲ್ಲವರು ಅವನ ಜೊತೆಯಲ್ಲೇ ಇದ್ದರು.

ಅಂದಿನಿಂದ ಇಂದಿನವರೆಗೆ, ಕಡಲು ಬಿಟ್ಟುಕೊಟ್ಟ ಪ್ರತಿ ವಾರವೂ, ಮೈದುನನ ದೋಣಿಯಲ್ಲಿ ಅವಳು ಅಲ್ಲಿಗೆ ಹೋಗುತ್ತಿದ್ದಳು. ಸೀಳಿನಲ್ಲಿ ಚಿಮಣಿ, ಚಿಮಣಿಯಲ್ಲಿ ಕೆಳಗಿನ ಪಟ್ಟಿ. ಅಲ್ಲಿ ಹುಟ್ಟು ನಿಲ್ಲಿಸಲು ಹೇಳಿ, ಕಣ್ಣು ಮುಚ್ಚಿ, ದೇವರಿಗೆ ಹೇಳಿಕೊಳ್ಳುವುದನ್ನು ಹೇಳಿಕೊಂಡು ಬರುತ್ತಿದ್ದಳು. ನೆಲದ ಮೇಲೆ ಅವಳಿಗೆ ಅಷ್ಟು ನೆಮ್ಮದಿಯ ಜಾಗ ಇನ್ನೊಂದಿರಲಿಲ್ಲ.

ದಾಖಲೆಯವರು ಪೆನ್ನನ್ನು ಹಾಳೆಯ ಮೇಲೆ ಅಡ್ಡಲಾಗಿ ಇಟ್ಟು ಕೇಳಿಸಿಕೊಂಡರು.

"ಬೀಳಿಸಬೇಡಿ ಅಂತ ನಾನು ಹೇಳೋದಿಲ್ಲ. ಮಕ್ಕಳು ಓಡಾಡೋ ದಾರಿ" ಎಂದಳು ದೀಪದಕ್ಕ. "ಆದ್ರೆ ಇದು ಬಿದ್ದ್ಮೇಲೆ ನಾನು ಎಲ್ಲಿ ಹೋಗಿ ನಿಲ್ಲಲಿ? ಅಷ್ಟಗಲ ನೀರು. ಅದನ್ನ ನಿಮ್ಮ ಹಾಳೇಲಿ ಬರೀರಿ."

ತಮ್ಮ ಕಣ್ಣಿನಿಂದ ನೋಡದೆ ಬರೆಯುವ ಹಾಗಿಲ್ಲವೆಂದು ಅವರು ಮೆಲ್ಲಗೆ ಹೇಳಿದರು. ತಮಗೆ ಈಜು ಬಾರದೆಂದೂ, ಚಿಕ್ಕಂದಿನಿಂದಲೂ ನೀರೆಂದರೆ ಭಯವೆಂದೂ, ಆದರೂ ಬರುತ್ತೇನೆಂದೂ ಹೇಳಿದರು.

ಚಿಮಣಿಯ ಬೆನ್ನಿಗೇ, ಏರಿನ ಮೇಲೆ, ದೀಪದಕ್ಕನ ಮನೆ. ಎರಡು ಕೋಣೆ, ಒಂದು ಒಲೆ, ಕಡಲಿನ ಕಡೆಗೆ ಬಾಗಿಲು. ಆದರೆ ಬಾಗಿಲಲ್ಲಿ ನಿಂತರೆ ಕಡಲಿಗಿಂತ ಮೊದಲು ಚಿಮಣಿ ಕಣ್ಣಿಗೆ ಹೊಡೆಯುತ್ತಿತ್ತು. ಗಂಡ ಆ ಜಾಗವನ್ನು ಕೊಂಡಾಗ ಅವಳು ಒಂದು ವಾರ ಅವನ ಹತ್ತಿರ ಮಾತು ಬಿಟ್ಟಿದ್ದಳು. ಊರಲ್ಲಿ ಅಷ್ಟೊಂದು ಜಾಗವಿದ್ದೂ ಹೊಗೆ ಉಗುಳುವ ಈ ದೆವ್ವದ ಹಿಂದೆಯೇ ಬೇಕಿತ್ತೇ? ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ಮಸಿ. ನೀರಿಗೆ ಇಳಿಜಾರು ಇಳಿದು ಹೋಗಬೇಕು. ಬೀಸುವ ಗಾಳಿಯೆಲ್ಲ ತಮ್ಮ ಮನೆಗೇ. ಅವನದು ಒಂದೇ ಉತ್ತರ: ಇಲ್ಲಿಂದ ಕೆಲಸಕ್ಕೆ ನೇರ. ನೇರವೇನೂ ಇರಲಿಲ್ಲ, ಅದಿರಿನ ಕಸದ ದಿಬ್ಬವನ್ನು ಸುತ್ತಿಕೊಂಡೇ ಹೋಗಬೇಕಿತ್ತು. ಅದನ್ನೂ ಅವಳು ಅವನನ್ನು ಕೈಹಿಡಿದು ನಡೆಸಿ ತೋರಿಸಿದ್ದಳು. ಅವನು ಪೂರ್ತಿ ನಡೆದು, ಹೌದಲ್ಲ ಎಂದು ತಲೆ ಕೆರೆದುಕೊಂಡು, ಮರುದಿನ ಅಲ್ಲೇ ಅಡಿಪಾಯ ಅಗೆಯಲು ಶುರುಮಾಡಿದ್ದ.

ಅಂದು ಸಂಜೆ ಮೈದುನ ಬಂದ. ಅಣ್ಣನಂತೆ ಗಣಿಗೆ ಇಳಿಯದೆ ದೋಣಿಯಲ್ಲೇ ಬಾಳು ಕಳೆದವನು; ಬೆನ್ನು ಬಾಗಿದ್ದರೂ ತೋಳು ಇನ್ನೂ ಗಟ್ಟಿ. ದಾಖಲೆಯವರು ಕಚೇರಿಯಿಂದ ತಂದಿದ್ದ ಹಳೆಯ ವಿವರವನ್ನು ಅವರಿಬ್ಬರಿಗೂ ಓದಿ ಹೇಳಿದರು. ಹಿಂದೆ ಯಾವನೋ ಅಧಿಕಾರಿ ಸೀಳುಬಂಡೆಯ ಬಗ್ಗೆ ಬರೆದದ್ದು ಒಂದೇ ಸಾಲು: ಒಡೆದ ಬಂಡೆ, ಯಾವ ಉಪಯೋಗವೂ ಇಲ್ಲ, ಹತ್ತಿರ ಹೋದವರಿಗೆ ಅಪಾಯ.

"ನನ್ನ ಬಗ್ಗೆ ನಮ್ಮಮ್ಮ ಹೇಳ್ತಿದ್ದದ್ದೂ ಇದೇ" ಎಂದ ಮೈದುನ.

ದೀಪದಕ್ಕ ನಕ್ಕಳು. ನಗುತ್ತಲೇ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಬರುವುದರೊಳಗೆ ಮೈದುನ ದನಿ ತಗ್ಗಿಸಿ, ಬರೆದಿಟ್ಟ ಮಾತ್ರಕ್ಕೆ ದೋಣಿ ಆ ಜಾಗದಲ್ಲಿ ನಿಲ್ಲುತ್ತದೆಯೇ ಎಂದು ದಾಖಲೆಯವರನ್ನು ಕೇಳಿದ. ಚಿಮಣಿಯ ಜಾಗದಲ್ಲಿ ಒಂದು ಕಂಬ ನೆಡಲು ಬಿಡಿ ಎಂದು ಅವನು ಅದನ್ನು ಉರುಳಿಸುವ ಗುತ್ತಿಗೆದಾರನ ಹತ್ತಿರ ಹೋಗಿ ಬಂದಿದ್ದ. ಅಡಿಯಲ್ಲಿ ಟೊಳ್ಳು, ಬೇಲಿ ಹಾಕಿಬಿಡುತ್ತೇವೆ, ಯಾರೂ ಕಾಲಿಡುವ ಹಾಗಿಲ್ಲ ಎಂದು ಗುತ್ತಿಗೆದಾರ ಹೇಳಿದ್ದ. ಒಳಗಿನಿಂದ ಲೋಟ ತೊಳೆಯುವ ಸದ್ದು ನಿಂತಿತ್ತು. ಅವಳು ಕೇಳಿಸಿಕೊಂಡಿದ್ದಾಳೆಂದು ಇಬ್ಬರಿಗೂ ತಿಳಿಯಿತು.

ಉರುಳಿಸುವ ದಿನ ಬೆಳಿಗ್ಗೆ ಗುತ್ತಿಗೆದಾರನ ಆಳು ಏರಿನ ಮೇಲಿನ ಮನೆಗಳಿಗೆಲ್ಲ ಬಂದು, ಜನ ಹೊರಗೆ ಹೋಗಬೇಕು, ಬಾಗಿಲು ಕಿಟಕಿಗಳನ್ನು ಪೂರ್ತಿ ತೆಗೆದಿಟ್ಟು ಹೋಗಬೇಕು, ಮುಚ್ಚಿದ್ದರೆ ಸಿಡಿತದ ಹೊಡೆತಕ್ಕೆ ಬಿರಿಯುತ್ತವೆ ಎಂದು ಹೇಳಿಹೋದ. ದೀಪದಕ್ಕ ಹೊಸಿಲು ತೊಳೆದು, ದೇವರ ಮುಂದೆ ದೀಪ ಹಚ್ಚಿದಳು. ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದು, ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಒಂದು ಕಲ್ಲು ಇಟ್ಟಳು. ಬೆರಳಿನಿಂದ ಬಿಲ್ಲೆಯ ಧೂಳು ಒರೆಸಿದಳು. ಮನೆಯನ್ನು ಹಾಗೆ ಬಾಯಿ ತೆರೆದು ಬಿಟ್ಟು ಹೋಗಿ ಅವಳಿಗೆ ಅಭ್ಯಾಸವಿರಲಿಲ್ಲ. ಇಳಿಯುವ ದಾರಿಯಲ್ಲಿ ಮತ್ತೆ ಮತ್ತೆ ತಿರುಗಿ ನೋಡಿದಳು.

ಕಡಲಿನ ಮೇಲೆ ತೆಳುವಾದ ಮಂಜು. ಅಲೆ ಇರಲಿಲ್ಲ. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿರಲಿಲ್ಲ. ಹುಟ್ಟು ನೀರಿಗೆ ಇಳಿದು ಏಳುವ ಸದ್ದೊಂದೇ ಅವರ ಜೊತೆಯಲ್ಲಿ ಬರುತ್ತಿತ್ತು. ದಾಖಲೆಯವರು ದೋಣಿಯ ನಡುವಿನ ಹಲಗೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಕ್ಯಾಮೆರಾವನ್ನು ಕೊರಳಿಗೆ ತೂಗುಹಾಕಿಕೊಂಡು, ನೇರ ಮುಂದಕ್ಕೆ ನೋಡುತ್ತಾ ಕುಳಿತಿದ್ದರು. ಹಲಗೆ ಓಡಿಹೋಗೋದಿಲ್ಲ ಸಾರ್, ಒಂದು ಕೈ ಬಿಡಬಹುದು ಎಂದು ಮೈದುನ ಹೇಳಿದ. ಅವರು ಬಿಡಲಿಲ್ಲ.

ಬಂಡೆಯನ್ನು ಬಳಸಿ ಆಚೆಗೆ ಹೋದರು. ಮಂಜಿನಲ್ಲಿ ದಡ ಕನಸಿನಲ್ಲಿ ಕಂಡ ಊರಿನಂತೆ, ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ ಎನ್ನುವ ಹಾಗಿತ್ತು. ಮೈದುನ ದೋಣಿಯನ್ನು ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಸರಿಸಿದ. ಬಂಡೆಯ ಎರಡು ಹೋಳುಗಳ ನಡುವೆ ಬೂದುಬಣ್ಣದ ಚಿಮಣಿ ನಿಧಾನವಾಗಿ ಬಂದು ನಿಂತಿತು. ಇನ್ನೂ ಹಿಂದಕ್ಕೆ ಹೋದಂತೆ ಮೇಲಿನ ಪಟ್ಟಿ, ನಡುವಿನದು, ಆಮೇಲೆ ಕೆಳಗಿನದು.

"ಕಂಡಿತಾ?" ಎಂದು ದೀಪದಕ್ಕ ಕೇಳಿದಳು.

"ಕಂಡೆ" ಎಂದರು ದಾಖಲೆಯವರು. ಒಂದು ಕೈ ಬಿಟ್ಟು ಹಾಳೆ ತೆಗೆದು, ಮೊಣಕಾಲಿನ ಮೇಲಿಟ್ಟುಕೊಂಡು ಬರೆದರು. ಚಿತ್ರವನ್ನೂ ತೆಗೆದರು.

ಅವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಪ್ರತಿ ಸಲವೂ ಹೇಳುತ್ತಿದ್ದ ಮಾತೇ: ನೆಲವೂ ನಿನ್ನದು, ನೀರೂ ನಿನ್ನದು, ಅವರು ಎಲ್ಲಿದ್ದರೂ ನಿನ್ನ ಕೈಯೊಳಗೇ ಇದ್ದಾರೆ. ಅಂದು ಆ ಮಾತು ಅರ್ಧಕ್ಕೆ ನಿಂತಿತು. ನಿನ್ನ ಕೈ ದೊಡ್ಡದು, ನನಗೆ ಅಷ್ಟಗಲದಲ್ಲಿ ಹುಡುಕಲು ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮುಂದೆ ಏನು ಕೇಳಬೇಕೆಂದು ತೋಚದೆ ಕಣ್ಣು ತೆರೆದಳು.

ದಡದಲ್ಲಿ ಯಾರೋ ಕೆಂಪು ಬಟ್ಟೆ ಬೀಸಿದರು. ಚಿಮಣಿಯ ಬುಡದಲ್ಲಿ ಬಿಳಿಯ ಹೊಗೆ ಕಾಣಿಸಿಕೊಂಡಿತು. ನೋಡುತ್ತಿದ್ದವರಿಗೆ, ಎಷ್ಟೋ ಕಾಲದ ಮೇಲೆ ಮತ್ತೆ ಒಲೆ ಹಚ್ಚಿದರೇನೋ ಎನಿಸಬೇಕು, ಹಾಗಿತ್ತು. ಚಿಮಣಿ ಅಲುಗಾಡಲಿಲ್ಲ. ಆಮೇಲೆ, ದುಡಿದು ದಣಿದವರು ಕೂರುವಂತೆ, ನಿಂತಲ್ಲೇ ಕುಸಿದು ಕುಳಿತಿತು. ಸೀಳಿನಲ್ಲಿ ಮೇಲಿನ ಪಟ್ಟಿ ಇಳಿಯಿತು, ಕೆಳಗಿನದು ಅದಕ್ಕೂ ಮೊದಲೇ ಇಲ್ಲವಾಗಿತ್ತು. ಒಂದಿಷ್ಟೂ ಸದ್ದಿಲ್ಲ. ಎಲ್ಲವೂ ಮುಗಿದ ಮೇಲೆ ಸದ್ದು ನೀರಿನ ಮೇಲೆ ನಡೆದುಕೊಂಡು ಬಂದು ಅವರ ದೋಣಿಯನ್ನು ತಾಗಿ, ಅವರನ್ನು ದಾಟಿ, ಹಿಂದಿನ ಮಂಜಿನೊಳಕ್ಕೆ ಹೋಯಿತು.

ಸೀಳಿನ ತುಂಬ ಧೂಳು.

"ಹೋಯ್ತು ಅತ್ತಿಗೆ" ಎಂದ ಮೈದುನ. ಹುಟ್ಟನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದಿದ್ದ. ಇಳಿಸಿದರೆ ದೋಣಿ ಸರಿಯುತ್ತದೆ, ಸರಿದರೆ ಆ ಜಾಗ ಕೈಬಿಟ್ಟು ಹೋಗುತ್ತದೆ. ಅವನು ಹೇಳದಿದ್ದರೂ ಅದು ಮೂವರಿಗೂ ಗೊತ್ತಿತ್ತು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದೋಣಿ ತನ್ನಷ್ಟಕ್ಕೆ ಒಂದಿಷ್ಟು ತೂಗಿ, ಮತ್ತೆ ಸ್ಥಿರವಾಯಿತು. ದೀಪದಕ್ಕ ದೋಣಿಯ ಅಂಚಿನ ಮೇಲಿಂದ ಕೈಯನ್ನು ನೀರಿಗೆ ಇಳಿಬಿಟ್ಟಳು. ತಣ್ಣಗಿತ್ತು.

ದಡದ ಉದ್ದಕ್ಕೆ ಮೆಲುವಾದ ಗಾಳಿ ಎದ್ದಿತು. ಧೂಳು ಒಂದೇ ಸಮ ಪಕ್ಕಕ್ಕೆ ಸರಿಯಲಾರಂಭಿಸಿತು, ಪರದೆ ಎಳೆದ ಹಾಗೆ. ದಾಖಲೆಯವರು, ಈಗಿನ ಸ್ಥಿತಿ ಎಂಬುದರ ಮುಂದೆ ಬರೆಯಬೇಕಾದ್ದಕ್ಕೆ ಒಂದು ಚಿತ್ರ ಬೇಕೆಂದು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಸೀಳಿನ ಕಡೆ ತಿರುಗಿಸಿದರು. ಹಾಗೇ ಹಿಡಿದುಕೊಂಡೇ ಇದ್ದರು.

"ಅದ್ಯಾರ ಮನೆ ಕಾಣ್ತಿರೋದು? ಬಾಗಿಲು ತೆಗೆದಿದೆ" ಎಂದರು.

ಬಂಡೆಯ ಎರಡು ಹೋಳುಗಳ ನಡುವೆ, ಇಷ್ಟು ವರ್ಷ ಚಿಮಣಿ ತುಂಬಿಕೊಂಡಿದ್ದ ಜಾಗದಲ್ಲಿ, ಏರಿನ ಮೇಲಿನ ಒಂದು ಬಿಳಿಗೋಡೆ. ಗೋಡೆಯಲ್ಲಿ ಒಂದು ಬಾಗಿಲು. ಸೀಳಿಗೆ ಹಿಡಿಸುವಷ್ಟೇ ಅಗಲ. ಆಚೆ ಈಚೆ ಏನೂ ಇಲ್ಲ. ಮೈದುನ ನೋಡಿದ. ಹುಟ್ಟನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು, ಅಣ್ಣ ಎನ್ನಲು ಬಾಯಿ ತೆರೆದು, ಆ ಮಾತನ್ನು ಹೊರಗೆ ಬಿಡದೆ ಮುಖ ತಿರುಗಿಸಿಕೊಂಡ.

ದೀಪದಕ್ಕನಿಗೆ ಮೊದಲು ಗುರುತು ಹತ್ತಲಿಲ್ಲ. ತನ್ನ ಮನೆಯನ್ನು ಅವಳು ಕಡಲಿನಿಂದ, ಆ ನೇರದಿಂದ, ಎಂದೂ ನೋಡಿರಲಿಲ್ಲ. ದಡ ಬಿಡುವಾಗ ಅದು ಊರಿನ ಮನೆಗಳ ನಡುವೆ ಒಂದಾಗಿ ಕಾಣುತ್ತಿತ್ತು. ಬಂಡೆಯಾಚೆಗೆ ಬಂದು ಸೀಳು ಎದುರಾಗುವ ಹೊತ್ತಿಗೆ ಮರೆಯಾಗಿರುತ್ತಿತ್ತು. ಬಾಗಿಲ ಬುಡಕ್ಕೆ ಅವಳು ಇಟ್ಟು ಬಂದಿದ್ದ ಕಲ್ಲು ಅಲ್ಲಿ ಇರಬೇಕು. ಅಷ್ಟು ಕೆಳಗಿನದು ಬಂಡೆಯ ಅಡ್ಡಕ್ಕೆ ಸಿಕ್ಕಿ ಕಾಣುತ್ತಿರಲಿಲ್ಲ. ಬಾಗಿಲ ಮೇಲರ್ಧ ಮಾತ್ರ, ಒಳಗೆ ಕತ್ತಲೆ.

ಇಲ್ಲಿಂದ ಕೆಲಸಕ್ಕೆ ನೇರ ಎಂದು ಗಂಡ ಹೇಳಿದ್ದು ಅವಳಿಗೆ ಆಗ ನೆನಪಾಯಿತು. ದಾಖಲೆಯವರು ಅವಳ ಮುಖ ನೋಡಿ ಪೆನ್ನನ್ನು ಜೇಬಿಗೆ ಸೇರಿಸಿದರು.

"ಹೊಸಿಲು ಕಾಣ್ತಿಲ್ಲ" ಎಂದಳು ದೀಪದಕ್ಕ. "ಇನ್ನೂ ಮುಂದೆ ಹೋಗು."

"ಅಷ್ಟು ದೂರ ನಾವು ಯಾವತ್ತೂ ಹೋಗಿಲ್ಲ ಅತ್ತಿಗೆ."

"ಗೊತ್ತು. ಹೊಸಿಲು ಕಾಣೋವರೆಗೆ ಹೋಗು."

ಮೈದುನ ಹುಟ್ಟನ್ನು ನೀರಿಗೆ ಇಳಿಸಿದ. ಬಾಗಿಲನ್ನು ಸೀಳಿನಿಂದ ಜಾರಗೊಡದೆ, ಒಂದೊಂದೇ ಎಳೆತ ಎಳೆದ. ಬಂಡೆ ಮೆಲ್ಲಮೆಲ್ಲಗೆ ಕುಗ್ಗಿತು. ಬಾಗಿಲ ನಡು ಕಾಣಿಸಿತು, ಆಮೇಲೆ ಬಾಗಿಲ ಬುಡ, ಬುಡಕ್ಕಿಟ್ಟ ಕಲ್ಲಿನ ಚುಕ್ಕೆ. ದಾಖಲೆಯವರು ಎರಡೂ ಕೈಗಳನ್ನು ಹಲಗೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಮಂಜು ಮೇಲೇಳುತ್ತಿತ್ತು. ಕೊನೆಗೆ ಬಾಗಿಲ ಕೆಳಗೆ ಬೆಳ್ಳಗೆ ಒಂದು ಗೆರೆ ಕಂಡಿತು; ಬೆಳಿಗ್ಗೆ ಅವಳು ತೊಳೆದು ಬಂದಿದ್ದ ಹೊಸಿಲು, ಇನ್ನೂ ಆರಿರಲಿಲ್ಲವೇನೋ, ಬೆಳಕಿಗೆ ಹೊಳೆಯುತ್ತಿತ್ತು.

ಹೇಳಿಸಿಕೊಳ್ಳದೆ ಮೈದುನ ಹುಟ್ಟನ್ನು ನಿಲ್ಲಿಸಿದ.

ದೀಪದಕ್ಕ ಬಾಗಿ, ದೋಣಿಯ ತಳದ ಹಲಗೆಯನ್ನು ಬೆರಳಿನಿಂದ ಎರಡು ಸಲ ಕುಟ್ಟಿದಳು. ಆಮೇಲೆ ನೆಟ್ಟಗೆ ಕುಳಿತು ದಡದ ಕಡೆ ನೋಡಿದಳು. ಅಷ್ಟು ದೂರದಿಂದ ಕಾಣುವಂಥದ್ದಲ್ಲ. ಆದರೂ ತೆರೆದ ಬಾಗಿಲ ಬಲಗಡೆ, ಚೌಕಟ್ಟಿನ ಮೊಳೆಯಲ್ಲಿ, ಕಡಲಗಾಳಿಗೆ ಬಿಲ್ಲೆ ಮೆಲ್ಲಗೆ ತೂಗುತ್ತಿರಬೇಕು.